ಮಾಸಿದ ಬಂಗಡೆ

ಅಕ್ಟೋಬರ್ 6, ಸೋಮವಾರ

ಡಾಕ್ಟರು ರತೀಶನ ಅಮ್ಮನ ಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನು ತಲೆಹೊರೆ ಬೇಡ, ದೂರದ ನಡಿಗೆಯೂ ಬೇಡ ಎಂದರು. ಅವರು ಕೇಳಿದ್ದು ಒಂದೇ ಮಾತು: "ತಲ್ಲೂರ್ ದೂರವಾ ಹತ್ರವಾ ಡಾಕ್ಟ್ರೆ?" ಡಾಕ್ಟರು ನಕ್ಕರು. ಅವರು ನಗಲಿಲ್ಲ.

ಮೂವತ್ತೊಂದು ವರ್ಷದಿಂದ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಬಸ್ಸಿನಲ್ಲಿ ತಲ್ಲೂರಿಗೆ ಹೋಗಿ, ಅಲ್ಲಿಂದ ಹಟ್ಟಿಯಂಗಡಿಯವರೆಗೆ ನಡೆದು ಮಾರಿದವರು. ನಲವತ್ತೆರಡು ಮನೆ. ಯಾವ ಮನೆಯ ಅಜ್ಜಿಗೆ ಮುಳ್ಳು ಕಡಿಮೆ ಇರುವ ಮೀನು ಬೇಕು, ಯಾವ ಮನೆಯಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ, ಎಲ್ಲವೂ ಅವರ ತಲೆಯಲ್ಲಿದೆ. ಈಗ ಒಂದು ವಾರದಿಂದ ಹೋಗಿಲ್ಲ. ಆ ದಾರಿಯಲ್ಲಿ ಮೈಕು ಕಟ್ಟಿಕೊಂಡ ಮೀನಿನ ವ್ಯಾನೊಂದು ಓಡಾಡಲು ಶುರುಮಾಡಿದೆಯಂತೆ.

"ಒಂದ್ ತಿಂಗ್ಳ್ ನನ್ ಮೋರೆ ಕಾಂಬುಕೆ ಸಿಕ್ದಿರೆ ನನ್ ಮನೆ ಎಲ್ಲ ವ್ಯಾನಿನವ್ನದ್ದ್" ಎಂದು ಬಸ್ಸಿನಲ್ಲಿ ಬರುವಾಗ ಹೇಳಿದರು. ನನಗಲ್ಲ, ಕಿಟಕಿಗೆ.

ನನ್ನ ಗಂಡ ರತೀಶ ಮೀನಿನ ಬೋಟು ಹತ್ತಿದರೆ ಹತ್ತು ದಿನ ಇಲ್ಲ. ನಾನು ಕೆಲಸಕ್ಕಿದ್ದ ಕುಂದಾಪುರದ ಆಫೀಸು ಹೋದ ತಿಂಗಳು ಮುಚ್ಚಿತು. ಲಾಡ್ಜುಗಳಿಗೂ ಕಲ್ಯಾಣಮಂಟಪಗಳಿಗೂ ವೆಬ್ ಪೇಜು ಮಾಡಿಕೊಡುತ್ತಿದ್ದೆವು. ಹಾಗಾಗಿ ಹಗಲಿಡೀ ಮನೆಯಲ್ಲಿ ನಾವಿಬ್ಬರೇ. ಮದುವೆಯಾದ ನಾಲ್ಕು ವರ್ಷದಲ್ಲಿ ಇಷ್ಟು ಹೊತ್ತು ಎದುರುಬದುರು ಕೂತದ್ದು ಇದೇ ಮೊದಲು. ಅವರು ಸೆರಗಿನ ಅಂಚು ನೋಡುತ್ತಾರೆ, ನಾನು ಮೊಬೈಲು ನೋಡುತ್ತೇನೆ.

ಸುಮ್ಮನೆ ಬಾಯಿಗೆ ಬಂತು. "ಅತ್ತೆ, ಗಿರಾಕಿ ಮನೆಯವ್ರ್ ಮೊಬೈಲಂಗೆ ಮೀನ್ ಕಂಡ್ ಹೇಳ್ದ್ರೆ, ನಮ್ ರೋಷನಣ್ಣನ ರಿಕ್ಷಾದಂಗೆ ಕಳ್ಸುಕೆ ಆತ್ತಲ್ದಾ?" ರೋಷನಣ್ಣ ಪಕ್ಕದ ಮನೆಯವರು.

"ಮೊಬೈಲಂಗೆ ಮೀನ್ ಮೂಸುಕೆ ಆತ್ತಾ?" ಎಂದರು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು, "ಮಾಡ್ ಕಾಂಬ" ಎಂದರು.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಫೋಟೊ ತೆಗೆಯಲು ಅವರ ಜೊತೆ ಬಂದರಿಗೆ ಹೋದೆ. ಘಟ್ಟದ ಬುಡದ ಅಮಾಸೆಬೈಲಿನಲ್ಲಿ ಬೆಳೆದ ನಮಗೆ ಮೀನು ಎಂದರೆ ಸಂತೆಯಿಂದ ಕಾಗದದಲ್ಲಿ ಸುತ್ತಿಕೊಂಡು ಬರುವ ವಸ್ತು. ಇಲ್ಲಿ ಅದು ನೆಲದ ಮೇಲೆ ರಾಶಿ ಬಿದ್ದಿರುತ್ತದೆ, ನಾವು ಅದರ ನಡುವೆ ಕಾಲಿಡಲು ಜಾಗ ಹುಡುಕಬೇಕು. ನಾನು ಶಾಲನ್ನು ಮೂಗಿಗೆ ಹಿಡಿದು ಇನ್ನೊಂದು ಕೈಯಲ್ಲಿ ಫೋಟೊ ತೆಗೆದೆ.

"ಜಲಜನ ಸೊಸಿ ಮೂಗ್ ಮುಚ್ಕಂಡ್ ಮೀನಿನ್ ಚಂದ ಕಾಂತಾಳ್, ಕಾಣಿ" ಎಂದಳು ಸರೋಜ. ಅವಳೂ ಹೆಡಿಗೆ ಹೊತ್ತು ಮೀನು ಮಾರುವವಳೇ, ಇವರ ಪಕ್ಕದ ಜಾಗ. ಹರಾಜಿನ ಕಟ್ಟೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ವಿಚಾರದಲ್ಲಿ ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ಹಾಗಾಗಿ ಅವಳು ಹೇಳಿದ್ದು ಗಾಳಿಗೆ, ಇವರು ಕೇಳಿಸಿಕೊಂಡದ್ದೂ ಗಾಳಿಯಿಂದಲೇ.

ಮನೆಗೆ ಬಂದು ಎರಡು ಸಲ ಸೋಪು ಹಾಕಿ ಕೈ ತೊಳೆದೆ. ಲ್ಯಾಪ್‌ಟಾಪಿಗೆ ವಾಸನೆ ಹಿಡಿದರೆ ಹೋಗುವುದಿಲ್ಲ.

ಪೇಜು ಚೆನ್ನಾಗಿ ಬಂದಿದೆ. ಬಂಗಡೆ, ಬೂತಾಯಿ, ಕಾಣೆ, ಅಂಜಲ್, ಮಾಂಜಿ, ಒಂದೊಂದಕ್ಕೆ ಒಂದೊಂದು ಚೌಕ. ಚೌಕದಲ್ಲಿ ಚಿತ್ರ, ಕೆಳಗೆ "ಬೇಕು" ಎಂಬ ಬಟನ್. ಒತ್ತಿದರೆ "ಒಪ್ಪಿಕೊಂಡಿದ್ದೇವೆ" ಎಂದು ಉತ್ತರ ಹೋಗುತ್ತದೆ. ಮೀನು ಮುಗಿದರೆ ಏನು ಮಾಡುವುದೆಂದು ಯೋಚಿಸಿ, ಲಾಡ್ಜಿನ ಪೇಜುಗಳಲ್ಲಿ ರೂಮು ಖಾಲಿ ಇಲ್ಲದಾಗ ಮಾಡುತ್ತಿದ್ದದ್ದನ್ನೇ ಮಾಡಿದೆ: ಆ ಚೌಕದ ಒಪಾಸಿಟಿ ಇಳಿಸಿದೆ. ಒಪಾಸಿಟಿ ಎಂದರೆ ಗಂಜಿಗೆ ನೀರು ಸೇರಿಸಿದ ಹಾಗೆ. ಒಂದು ಎಂದಿಟ್ಟರೆ ಗಟ್ಟಿ, ಅರ್ಧ ಎಂದಿಟ್ಟರೆ ತಿಳಿ, ಸೊನ್ನೆ ಎಂದರೆ ಬಟ್ಟಲಿನಲ್ಲಿ ಏನೂ ಕಾಣುವುದಿಲ್ಲ. ನಾನು ಇಟ್ಟದ್ದು ಸೊನ್ನೆ ಪಾಯಿಂಟ್ ನಾಲ್ಕು. ಮೀನು ಮಂಜಿನೊಳಗೆ ಸರಿದು ಹೋದಂತೆ ಕಾಣುತ್ತದೆ. ಮೇಲೆ "ಮುಗಿದಿದೆ" ಎಂಬ ಮಾತು. ನನಗೇ ಎರಡು ಮೂರು ಸಲ ನೋಡಬೇಕೆನಿಸಿತು.

ಅಕ್ಟೋಬರ್ 9, ಗುರುವಾರ

ಒಂದೊಂದು ಮನೆಯ ಹೆಸರಿಗೆ ಒಂದೊಂದು ಲಿಂಕ್ ಕಳಿಸಿದ್ದೆ. ನಲವತ್ತೆರಡರಲ್ಲಿ ಮೂವತ್ತಾರು ಮನೆಯವರು ಪೇಜು ತೆರೆದರು. ಆರು ಮನೆಯಲ್ಲಿ ಅಂಥ ಮೊಬೈಲಿಲ್ಲ. ಅವರಿಗೆ ಇವರೇ ಫೋನು ಮಾಡಿದರು. ರೋಷನಣ್ಣ ಒಂದೇ ಸುತ್ತಿನಲ್ಲಿ ಎಲ್ಲ ಮುಗಿಸಿ ಬಂದು, "ಜಲಜಕ್ಕ, ನನ್ ರಿಕ್ಷಾ ಹತ್ತುಕೆ ಇನ್ ಯಾರೂ ಬತ್ತಿಲ್ಲ, ನಾಯಿಯೆಲ್ಲ ಹಿಂದೆ ಬತ್ತೊ" ಎಂದರು. ರತೀಶನ ಅಮ್ಮ ಚಾ ಮಾಡಿ ಮೂರು ಲೋಟಕ್ಕೆ ಹಾಕಿದರು.

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಆರೂವರೆಗೆ ತಲ್ಲೂರಿನ ಬ್ಯಾಂಕಿನವರ ಮನೆಯಿಂದ ಫೋನು.

"ಜಲಜಕ್ಕ, ಬೇಜಾರ್ ಮಾಡ್ಕಣ್ಬೇಡಿ. ನಿಮ್ ಬಂಗ್ಡಿ ಬಣ್ಣ ಬಿಟ್ಟಿತ್ತಲ್ದಾ? ನಿನ್ನೆ ಸಂಜಿ ಮೊಬೈಲಂಗೆ ಕಂಡೆ, ಬೆಳ್ಚಿ ಹೋಯಿತ್ತ್. ಇವತ್ತ್ ನಂಗೆ ಬ್ಯಾಡ."

ಇವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಫೋನು, ಮತ್ತೊಂದು. ಅಂಜಲ್ ಕೂಡ ಬಿಳುಪೇರಿದೆ. ಮಾಂಜಿ ನೋಡಿದರೇ ಗೊತ್ತಾಗುತ್ತದೆ, ಐಸಿನಲ್ಲಿಟ್ಟದ್ದು. ಕಾಲು ನೋವಾದ ಮೇಲೆ ಜಲಜಕ್ಕ ಹಳೆಯ ಮೀನು ಕಳಿಸುತ್ತಾರೆ ಎಂದು ಒಬ್ಬರಿಂದೊಬ್ಬರಿಗೆ ಹೋಗಿಬಿಟ್ಟಿದೆ.

ಅವರು ನನ್ನ ಮೊಬೈಲು ತೆಗೆದುಕೊಂಡು ಅಂಗಳದ ಬಿಸಿಲಿಗೆ ಹೋಗಿ ನಿಂತರು. ತುಂಬ ಹೊತ್ತು ನೋಡಿದರು.

"ಇದ್ ಮೂರ್ ದಿನದ್ ಮೀನ್" ಎಂದರು.

"ಅಲ್ಲ ಅತ್ತೆ. ನಿನ್ನೆದೇ. ಮುಗ್ದಿತ್ತ್ ಅಂತ ಹಂಗ್ ತೋರ್ಸುದ್."

"ಮುಗ್ದ್ ಹೋದ್ ಮೀನ್ ಎಂತಕ್ಕೆ ತೋರ್ಸುದ್?"

ಅವರು ಬಯ್ಯಲಿಲ್ಲ, ಪಾಠ ಹೇಳಿದರು. ಬಲೆಯಿಂದ ಬಂದ ಬಂಗಡೆಯ ಬೆನ್ನು ನೀಲಿ ಹಸಿರಾಗಿ ಹೊಳೆಯುತ್ತದೆ. ಮರುದಿನ ಆ ಪಟ್ಟೆ ಮಾಸುತ್ತದೆ. ಮೂರನೆಯ ದಿನ ಸುಣ್ಣದ ನೀರಿನಲ್ಲಿ ಅದ್ದಿದ ಹಾಗಾಗುತ್ತದೆ. ಇಲ್ಲಿನ ಹೆಂಗಸರು ಮೀನಿಗೆ ಕೈ ಹಾಕುವ ಮೊದಲು ನೋಡುವುದು ಆ ಬಣ್ಣವನ್ನೇ. ನಾನು ಇಟ್ಟ ಸೊನ್ನೆ ಪಾಯಿಂಟ್ ನಾಲ್ಕು ಸರಿಯಾಗಿ ಮೂರನೆಯ ದಿನದ ಬಣ್ಣ. ಲಾಡ್ಜಿನ ರೂಮು ಹಳಸುವುದಿಲ್ಲ, ಹಾಗಾಗಿ ನನಗೆ ಹೊಳೆದಿರಲಿಲ್ಲ.

"ಮುಗಿದಿದೆ" ಎಂದು ಬರೆದದ್ದನ್ನಾದರೂ ಓದಬೇಕಿತ್ತಲ್ಲ ಎಂದುಕೊಂಡು ನಾನೂ ಬಿಸಿಲಲ್ಲಿ ನಿಂತು ನೋಡಿದೆ. ಅದೂ ಕಾಣುತ್ತಿರಲಿಲ್ಲ. ಒಪಾಸಿಟಿಯನ್ನು ಇಡೀ ಚೌಕಕ್ಕೆ ಹಾಕಿದ್ದೆ. ಚೌಕಕ್ಕೆ ಹಾಕಿದ್ದು ಒಳಗಿರುವ ಎಲ್ಲಕ್ಕೂ ತಗಲುತ್ತದೆ, ಅಕ್ಷರಕ್ಕೂ. ಇದು ಮೊದಲ ವರ್ಷದಲ್ಲೇ ಕಲಿತ ವಿಷಯ.

ಸಂಜೆಯ ಹೊತ್ತಿಗೆ ಹದಿನಾಲ್ಕು ಮನೆ ಸುಮ್ಮನಾಗಿದ್ದವು. ಮೂವತ್ತೊಂದು ವರ್ಷದಲ್ಲಿ ಐಸಿನ ಮೀನನ್ನು ಇವತ್ತಿನದು ಎಂದು ಹೇಳದವರು ಗೋಡೆಗೆ ಒರಗಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಹಚ್ಚಿಕೊಡಲಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಅಕ್ಟೋಬರ್ 12, ಭಾನುವಾರ

ಸರಿಮಾಡಿದೆ. ಮುಗಿದ ಮೀನಿನ ಒಪಾಸಿಟಿ ಈಗ ಸೊನ್ನೆ. ಮಾಸುವುದೂ ಇಲ್ಲ, ಬಣ್ಣ ಬಿಡುವುದೂ ಇಲ್ಲ, ಕಾಣುವುದೇ ಇಲ್ಲ. ಆ ಜಾಗ ಮಾತ್ರ ಬೆಳ್ಳಗೆ ಖಾಲಿ ಉಳಿಯುತ್ತದೆ, ಉಳಿದ ಮೀನುಗಳು ಅತ್ತಿತ್ತ ಹಾರುವುದಿಲ್ಲ. ತೋರಿಸಿದೆ. "ಈಗ ಅಡ್ಡಿಲ್ಲ" ಎಂದರು. ಹದಿನಾಲ್ಕರಲ್ಲಿ ಯಾರೂ ಮರಳಿಲ್ಲ.

ಅಕ್ಟೋಬರ್ 13, ಸೋಮವಾರ

ಅರ್ಧ ಮನೆಯಲ್ಲಿ ಮೀನಿಲ್ಲದ ದಿನ. ಮಧ್ಯಾಹ್ನ ಇಬ್ಬರೂ ಚಾಪೆ ಹಾಕಿ ಮಲಗಿದೆವು. ಎಣ್ಣೆ ಹಚ್ಚಿಕೊಟ್ಟೆ. ನಾನು ಅಮಾಸೆಬೈಲಿನ ನನ್ನ ಅಜ್ಜಿ ಹೇಳುತ್ತಿದ್ದ ಹುಲಿಯ ಮದುವೆಯ ಕಥೆ ಹೇಳಿದೆ. ದಿಬ್ಬಣ ಹೊರಡುವ ಮೊದಲೇ ಅವರು ಗೊರಕೆ ಹೊಡೆದರು.

ಅಕ್ಟೋಬರ್ 16, ಗುರುವಾರ

ಇವತ್ತಿನದು ಉದ್ದದ ಕಥೆ. ಮೊದಲಿನಿಂದ ಬರೆಯುತ್ತೇನೆ.

ಅಂಜಲ್ ಬೆಳಿಗ್ಗೆ ಏಳಕ್ಕೇ ಮುಗಿಯಿತು. ಪೇಜಿನಲ್ಲಿ ಅದನ್ನು ಸೊನ್ನೆ ಮಾಡಿ, ಪಟ್ಟಿ ಬರೆದು ರೋಷನಣ್ಣನಿಗೆ ಕೊಟ್ಟು ಕಳಿಸಿ, ನಿಶ್ಚಿಂತೆಯಿಂದ ತಿಂಡಿ ತಿಂದೆ. ಹತ್ತು ಗಂಟೆಗೆ ಹಟ್ಟಿಯಂಗಡಿಯ ಮಂಜಯ್ಯನವರ ಫೋನು. ಮಂಜಯ್ಯ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಹಳೆಯ ಗಿರಾಕಿ.

"ಹ್ವಾಯ್ ಜಲಜಕ್ಕ, ನನ್ ಅಂಜಲ್ ಎಲ್ಲಿ? ರೋಷನ ಬರೀ ನಗಾಡ್ಕಂಡ್ ಹೋದ. ಅಣ್ಣ ಬೊಂಬಾಯಿಂದ ಎಂಟ್ ವರ್ಷದ್ ಮೇಲ್ ಬಂದ್ ಕೂತಿದ. ಅವ್ನಿಗ್ ಅಂಜಲ್ ಗಸಿ ಅಂತ ಹೇಳಿಟ್ಟಿದೆ ನಾನ್."

ನಾನು ನೋಡಿದೆ. ಏಳು ನಲವತ್ತಕ್ಕೆ ಮಂಜಯ್ಯನವರ ಹೆಸರಿನಲ್ಲಿ ಎರಡು ಕೆಜಿ ಅಂಜಲ್ ದಾಖಲಾಗಿತ್ತು. "ಒಪ್ಪಿಕೊಂಡಿದ್ದೇವೆ" ಎಂದು ಉತ್ತರವೂ ಹೋಗಿತ್ತು. ಆಗ ತಲೆಗೆ ಬಡಿದ ಹಾಗಾಯಿತು. ಒಪಾಸಿಟಿ ಸೊನ್ನೆ ಮಾಡಿದರೆ ಬಟನ್ ಕಾಣುವುದಿಲ್ಲ, ಆದರೆ ಅಲ್ಲೇ ಇರುತ್ತದೆ. ಮುಟ್ಟಿದರೆ ಕೆಲಸವನ್ನೂ ಮಾಡುತ್ತದೆ.

ಇದನ್ನು ಅತ್ತೆಗೆ ಹೇಳುವಾಗ ನನ್ನ ಸ್ವರ ಸಣ್ಣಗಾಗಿತ್ತು. "ನಾವ್ ಒಪ್ಪಲಿಲ್ಲ ಅತ್ತೆ, ಪೇಜೇ ಒಪ್ಕಂಡದ್ದ್. ತಪ್ಪಾಯ್ತ್ ಅಂತ ನಾ ಹೇಳ್ತೆ ಅವ್ರಿಗೆ."

"ಪೇಜ್ ಯಾರದ್ದ್?" ಎಂದರು ಅತ್ತೆ.

"ನಮ್ದೇ" ಎಂದೆ.

"ಹಂಗಾರೆ ಒಪ್ಕಂಡದ್ದ್ ನಾವೇ. ಹೆಡಿಗಿ ತಕ."

ಬಂದರಿನಲ್ಲಿ ಆ ಹೊತ್ತಿಗೆ ಅಂಜಲ್ ಉಳಿದಿದ್ದದ್ದು ಒಬ್ಬರ ಹತ್ತಿರ, ಸರೋಜನ ಹತ್ತಿರ. ಎರಡು ವರ್ಷ ಗಾಳಿಗೆ ಮಾತಾಡಿದ ಇಬ್ಬರು ಎದುರುಬದುರು ನಿಂತರು. ನಾನು ಖಾಲಿ ಹೆಡಿಗೆ ಹಿಡಿದು ನಡುವೆ.

"ಮೊಬೈಲಂಗೆ ಮೀನ್ ಹಿಡುಕೆ ಹೋದವ್ರ್ ಈಗ ಸರೋಜನ ಹತ್ರ ಬಂದ್ರಾ?" ಎಂದಳು ಸರೋಜ.

"ಹೌದ್ ಮಾರಾಯ್ತಿ, ಬಂದೆ. ಇದ್ರೆ ಕೊಡ್. ಬೈಯುದಿದ್ರೆ ಕೊಟ್ಕಂಡೇ ಬೈ, ಬಸ್ಸ್ ಹೋತ್ತ್."

ಸರೋಜ ಬೈದಳು, ಕೊಡುತ್ತಲೇ ಬೈದಳು. ಹರಾಜಿನ ಕಟ್ಟೆಯಿಂದ ಹಿಡಿದು ಯಾವುದೋ ಮದುವೆಯ ಊಟದವರೆಗೆ ಬಂತು. ಕಡೆಗೆ ಹೆಡಿಗೆಯ ಮೇಲೆ ತನ್ನದೇ ಬಾಳೆಲೆ ಮುಚ್ಚಿ, "ಮೊಣಕಾಲ್ ಹ್ಯಾಂಗಿತ್ತ್?" ಎಂದು ಕೇಳಿದಳು.

ರೋಷನಣ್ಣ ಬೈಂದೂರಿಗೆ ಬಾಡಿಗೆ ಹೋಗಿದ್ದರು. ಬಸ್ಸಿನಲ್ಲಿ ತಲ್ಲೂರಿಗೆ ಹೋಗಿ, ಇನ್ನೊಂದು ಬಸ್ಸಿಗೆ ಕಾಯದೆ ಸಿಕ್ಕಿದ ಟೆಂಪೋ ಹತ್ತಿ ಇಳಿದೆವು. ಆದರೆ ಮಂಜಯ್ಯನವರ ಮನೆ ಗದ್ದೆಯಂಚಿನಲ್ಲಿ ಒಳಗಿದೆ, ಗಾಡಿ ಹೋಗುವುದಿಲ್ಲ. ಅತ್ತೆ ಹೆಡಿಗೆಗೆ ಕೈ ಹಾಕಿದರು. ನಾನು ತೆಗೆದುಕೊಂಡೆ. ಸೊಂಟಕ್ಕೆ ಇಟ್ಟರೆ ಜಾರುತ್ತದೆ. "ಹೆಣ್ಣೇ, ಅದ್ ಕೊಡಪಾನ ಅಲ್ಲ, ತಲಿಗ್ ಏರ್ಸ್" ಎಂದು ಅತ್ತೆ ಟವೆಲನ್ನು ಸಿಂಬಿ ಸುತ್ತಿ ನನ್ನ ತಲೆಯ ಮೇಲಿಟ್ಟರು. ಗದ್ದೆಯ ಕಿರಿದಾದ ಹುಣಿಯ ಮೇಲೆ ಮುಂದೆ ನಾನು, ಹಿಂದೆ ಅವರು. ಮೀನಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಬಿಸಿಲಿಗೆ ಅದು ತಂಪಾಗಿಯೇ ಇತ್ತು.

ಮಂಜಯ್ಯ ಜಗಲಿಯಲ್ಲೇ ಕಾಯುತ್ತಿದ್ದರು. ಮೀನು ನೋಡಿದ ಮೇಲೆ ಮುಖ ಸಡಿಲವಾಯಿತು. ಬಟನ್ ಕಾಣದಿದ್ದರೂ ಹೇಗೆ ಒತ್ತಿದಿರಿ ಎಂದು ಕೇಳಿದೆ. ಅವರು ಮೊಬೈಲಿನ ಬಿಳಿ ಜಾಗಕ್ಕೆ ಬೆರಳಿಟ್ಟು ತೋರಿಸಿದರು.

"ಇಲ್ಲೇ ಇಪ್ದಲ್ದಾ ಯಾವತ್ತೂ? ನನ್ ಕನ್ನಡ್ಕ ಒಡ್ದ್ ನಾಲ್ಕ್ ದಿನ ಆಯ್ತ್. ಕಾಂಬ್ದಿಲ್ಲ ಅಂದ್ರೆ ನನ್ ಕಣ್ಣಿಂದೇ ತಪ್ಪ್ ಅಂದ್ಕಂಡೆ."

ಅವರ ಬೊಂಬಾಯಿ ಅಣ್ಣ ಒಳಗಿನಿಂದ ಬಂದು ಹೆಡಿಗೆಯತ್ತ ಬಗ್ಗಿ, ಅಂಜಲ್‌ನ ಕಣ್ಣು ನೋಡಿ, "ಅಲ್ಲಿ ಐಸಿನ್ ಮೀನ್ ತಿಂದ್ ತಿಂದ್ ಸಾಕಾಯಿತ್ತ್ ಮಾರಾಯ್ತಿ" ಎಂದು ಅತ್ತೆಗೆ ಕೈ ಮುಗಿದರು.

ಅಕ್ಟೋಬರ್ 17, ಶುಕ್ರವಾರ

ಕುತ್ತಿಗೆ ಹಿಡಿದುಕೊಂಡಿದೆ. ಅತ್ತೆ ಬಿಸಿನೀರಿನ ಬಟ್ಟೆ ಇಟ್ಟರು. ಮೊಣಕಾಲಿಗೆ ಒಂದು ಬಟ್ಟೆ, ಕುತ್ತಿಗೆಗೆ ಒಂದು ಬಟ್ಟೆ, ಒಂದೇ ಪಾತ್ರೆಯ ನೀರು.

ನಿನ್ನೆ ಬರೆಯಲು ಬಿಟ್ಟು ಹೋದದ್ದು ಹಿಂದೆ ಬರುವ ದಾರಿಯದು. ಹೆಡಿಗೆ ಖಾಲಿಯಾಗಿತ್ತು, ನಾನು ನೇರ ರಸ್ತೆಗೆ ಹೊರಟೆ. ಅತ್ತೆ ಕರೆದು ನಿಲ್ಲಿಸಿದರು. ದಾರಿಯ ಮೊದಲ ಮನೆಯ ಬೇಲಿಯ ದಣಪೆಯ ಹತ್ತಿರ ನಿಂತು, "ಹ್ವಾಯ್" ಎಂದು ಕೂಗಿ, ಹೆಡಿಗೆಯನ್ನು ಮನೆಯ ಕಡೆ ವಾಲಿಸಿ ಬುಡ ಕಾಣುವ ಹಾಗೆ ಹಿಡಿದರು. ಒಳಗಿನಿಂದ ಹೆಂಗಸೊಬ್ಬಳು ಬಂದು ನೋಡಿದಳು. "ಮುಗೀತಾ?" ಎಂದಳು. "ಮುಗೀತ್" ಎಂದರು. ಅಷ್ಟೇ. ಮುಂದಿನ ಮನೆಗೆ ಹೋದರು, ಅಲ್ಲೂ ಹಾಗೆಯೇ.

"ಎಂತಕ್ಕೆ ಅತ್ತೆ, ಕಾಲ್ ನೋವಲ್ಲಿ? ಇಲ್ಲದ್ದ್ ತೋರ್ಸುಕೆ ಮನೆಮನೆಗ್ ಹೋಯ್ಕಾ?"

"ಹೋಯ್ಕ್. ಮೀನ್ ಹೊತ್ತವ್ರೆಲ್ಲ ಹೋಪ್ದೇ. ನಾ ಹೇಳ್ದೇ ಹಿಂದಿನ್ ದಾರಿಲ್ ಹೋದ್ರೆ, ಒಳ್ಳೆ ಮೀನ್ ಬೇರೆಯವ್ರಿಗೆ ಅಡ್ಗ್ಸಿಟ್ಟಿದ್ಳ್ ಅಂಬ್ರ್. ಬುಡ ಕಂಡ್ರೆ ಮುಗೀತ್, ಮತ್ತ್ ಮಾತಿಲ್ಲ."

ಮುಗಿದದ್ದು ಹೇಳದೆ ಮಾಯವಾಗಬಾರದು, ಮಬ್ಬಾಗಿಯೂ ನಿಲ್ಲಬಾರದು. ಇದನ್ನು ನನಗೆ ಯಾವ ಆಫೀಸಿನಲ್ಲೂ ಯಾರೂ ಹೇಳಿರಲಿಲ್ಲ.

ಸುಮ್ಮನಾಗಿದ್ದ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಆ ದಾರಿಯಲ್ಲೇ ಇದ್ದವು. ಅಲ್ಲಿ ಹೆಡಿಗೆ ನಾನು ಹಿಡಿದೆ, ತಪ್ಪು ನನ್ನದಲ್ಲವೇ. ಮೀನು ಹಳೆಯದಲ್ಲ, ಮಾಸಿದಂತೆ ಮಾಡಿದ್ದು ನಾನು, ಮುಗಿದದ್ದನ್ನು ತೋರಿಸಲು ಹೋಗಿ ಹೀಗಾಯಿತು ಎಂದು ಪ್ರತಿ ದಣಪೆಯಲ್ಲೂ ಹೇಳಿದೆ. ನಾಲ್ಕನೆಯ ಮನೆಯ ಹೊತ್ತಿಗೆ ಕಥೆ ಚೆನ್ನಾಗಿ ಕೂತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಬೇಕು ಎಂದು ಗೊತ್ತಾಗಿತ್ತು.

"ಓ, ಮೀನಿಗ್ ಸುಣ್ಣ ಹೊಡದ್ ಸೊಸಿ ನೀನಾ?" ಎಂದಳು ಒಬ್ಬಳು. ಮಜ್ಜಿಗೆ ಕೊಟ್ಟಳು. ಇನ್ನೊಂದು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ, ಟಿವಿಯ ಸದ್ದು ಕೇಳುತ್ತಿತ್ತು. ಅತ್ತೆ ಅಲ್ಲಿ ಹೆಡಿಗೆಯನ್ನು ತಾವೇ ತೆಗೆದುಕೊಂಡು ಬುಡ ತೋರಿಸಿಯೇ ಹೊರಟರು.

ಅಕ್ಟೋಬರ್ 18, ಶನಿವಾರ

ಒಪಾಸಿಟಿ ತೆಗೆದುಹಾಕಿದೆ. ಪೇಜಿನಲ್ಲಿ ಈಗ ಎಲ್ಲವೂ ಗಟ್ಟಿ. ಮೀನು ಮುಗಿದರೆ ಅದರ ಚಿತ್ರವೂ ಬಟನ್ನೂ ನಿಜವಾಗಿ ಹೋಗುತ್ತವೆ, ಮುಟ್ಟಿದರೆ ಏನೂ ಆಗುವುದಿಲ್ಲ. ಆ ಜಾಗದಲ್ಲಿ ವಾಲಿಸಿದ ಖಾಲಿ ಹೆಡಿಗೆಯ ಫೋಟೊ. ಬೆತ್ತದ ಹೆಣಿಗೆ ಒಂದೊಂದೂ ಕಾಣಬೇಕು ಎಂದು ಅಂಗಳದಲ್ಲಿ ಏಳೆಂಟು ಸಲ ತೆಗೆದೆ. ಹೆಡಿಗೆ ಹಿಡಿದದ್ದು ಅತ್ತೆ. ಅವರ ಕೈಯೂ ಚಿತ್ರದಲ್ಲಿ ಬಂದಿದೆ, ಎರಡು ಹಸಿರು ಬಳೆ ಸಮೇತ. ಕತ್ತರಿಸಬೇಕೆಂದಿದ್ದೆ, ಬಿಟ್ಟೆ.

ಕೀಬೋರ್ಡಿನ ಸಂದಿಯಲ್ಲಿ ಮೀನಿನ ಹುರುಪೆಯೊಂದು ಅಂಟಿತ್ತು. ಉಗುರಿನಿಂದ ತೆಗೆದು ಕೆಲಸ ಮುಂದುವರಿಸಿದೆ.

ಅಕ್ಟೋಬರ್ 24, ಶುಕ್ರವಾರ

ಒಂಬತ್ತರಲ್ಲಿ ಆರು ಮನೆ ಮರಳಿವೆ. ಬ್ಯಾಂಕಿನವರ ಮನೆಯಾಕೆ ಫೋನು ಮಾಡಿ, ಖಾಲಿ ಹೆಡಿಗೆ ಹಿಡಿದ ಕೈ ನೋಡಿದ ಕೂಡಲೇ ಜಲಜಕ್ಕನದ್ದೆಂದು ಗೊತ್ತಾಯಿತು ಎಂದರು. ಸರೋಜಕ್ಕ ದಿನಾ ಅಂಜಲ್ ಎತ್ತಿಡುತ್ತಾಳೆ, ಬೈಗುಳದ ಜೊತೆ. ನಾನು ಬೆಳಿಗ್ಗೆ ಐದೂವರೆಗೇ ಬಂದರಿಗೆ ಹೋಗುತ್ತೇನೆ. ತಡವಾದರೆ ಒಳ್ಳೆಯ ಕಾಣೆ ಸಿಗುವುದಿಲ್ಲ. ಮೊಬೈಲಿಲ್ಲದ ಆರು ಮನೆಗೆ ವಾರಕ್ಕೆರಡು ಸಲ ರೋಷನಣ್ಣನ ರಿಕ್ಷಾದಲ್ಲಿ ನಾನೂ ಹೋಗಿಬರುತ್ತೇನೆ.

ಅಕ್ಟೋಬರ್ 28, ಮಂಗಳವಾರ

ಮೂರು ದಿನದಿಂದ ಗಾಳಿ. ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ನಿಂತಿವೆ. ರತೀಶ ನಿನ್ನೆ ಬಂದ. ಊಟಕ್ಕೆ ಕೂತಾಗ ನನ್ನ ಮುಖ ನೋಡಿ, "ನೀನ್ ಎಂತ, ಅಮ್ಮನ್ ಹಂಗೆ ಮಾತಾಡ್ತೆ?" ಎಂದ. ನನಗೆ ಹಾಗೇನೂ ಅನಿಸಲಿಲ್ಲ. ಹತ್ತು ದಿನ ಎಂಜಿನ್ನಿನ ಸದ್ದು ಕೇಳಿ ಬಂದವನಿಗೆ ಎಲ್ಲರ ಸ್ವರವೂ ಒಂದೇ.

ಇವತ್ತು ಒಂದು ಮೀನೂ ಇಲ್ಲ. ಪೇಜಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಖಾಲಿ ಹೆಡಿಗೆಗಳೇ, ಐದು ಹೆಡಿಗೆ, ಹತ್ತು ಹಸಿರು ಬಳೆ. ಹನ್ನೊಂದು ಗಂಟೆಗೆ ಎಷ್ಟು ಜನ ತೆರೆದು ನೋಡಿದ್ದಾರೆಂದು ನೋಡಿದೆ. ಮೂವತ್ಮೂರು ಮನೆ. ಬಾಗಿಲು ತೆರೆಯದ ಆ ಟಿವಿಯ ಮನೆಯೂ ಇತ್ತು.

ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ.

"ಗಾಳಿ ಇತ್ತ್ ಅಂತ ಅವ್ರಿಗೂ ಗೊತ್ತಿತ್ತಲ್ದಾ? ಎಂತ ಇಲ್ದಿದ್ದಲ್ಲಿಗೆ ಎಂತಕ್ಕೆ ಬಪ್ದ್?"

"ನೀವ್ ಬಂದಿರಾ ಅಂತ ಕಾಂಬುಕೆ."

ಅವರು ಮೊಬೈಲು ಕೇಳಿದರು. ಮೂವತ್ಮೂರು ಎಂಬ ಅಂಕೆಯನ್ನು ನೋಡಿದರು. ಅಂಕೆ ಓದಲು ಅವರಿಗೆ ಬರುತ್ತದೆ. ವ್ಯಾನಿನ ಮೈಕು ತಲ್ಲೂರಿನಲ್ಲಿ ಈಗಲೂ ಕೂಗುತ್ತಿರಬಹುದು. ಅವರು ಅದರ ಸುದ್ದಿ ಎತ್ತಲಿಲ್ಲ. ಮೊಬೈಲನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, "ಬಂದವ್ರನ್ನ ಹಂಗೇ ಕಳ್ಸುಕಾಗ. ಎಂತಾರೂ ಬರಿ" ಎಂದರು.

"ಎಂತ ಬರಿಕ್?"

"ಗಾಳಿ ಇತ್ತ್, ಬೋಟ್ ಹೋಯ್ಲಿಲ್ಲ. ಕಡಲ್ ತಣ್ಣಗಾದ್ ಕೂಡ್ಲೆ ಬತ್ತೊ. ಹಂಗ್ ಬರ್ದ್ ಕೆಳಗೆ ಹೆಸ್ರ್ ಹಾಕ್."

ಜಲಜ ಎಂದು ಹಾಕಿ ತೋರಿಸಿದೆ. ತುಸು ಹೊತ್ತು ನೋಡಿ, "ನಿನ್ದೂ ಹಾಕ್. ಮಂಜಯ್ಯ ಮೊನ್ನೆ ನಿನ್ನನ್ನೇ ಕೇಂಡಿದ್ರ್" ಎಂದರು. ಜಲಜ, ಸುಗುಣ ಎಂದು ಹಾಕಿದೆ, ಒಂದೇ ಅಳತೆಯ ಕಪ್ಪು ಅಕ್ಷರದಲ್ಲಿ.

ನಾಡಿದ್ದು ಗಾಳಿ ಇಳಿಯುತ್ತದೆ ಎಂದು ರತೀಶ ಹೇಳುತ್ತಾನೆ. ಅತ್ತೆಯ ಹೆಡಿಗೆ ನನ್ನ ತಲೆಗೆ ಸ್ವಲ್ಪ ದೊಡ್ಡದು, ಎಡಕ್ಕೆ ವಾಲುತ್ತದೆ. ಸರೋಜಕ್ಕನಿಗೆ ಬೆತ್ತ ಹೆಣೆಯುವವರ ಪರಿಚಯ ಇದೆಯಂತೆ. ನಾಳೆ ಹೋಗಿ ನನಗೊಂದು ಹೆಣೆಯಲು ಹೇಳಿ ಬರಬೇಕು.